ಹಿತ್ತಲ ಬಾಳೆಕಂದು

"ಗುರುಗಳೇ, ಶಿಕ್ಷೆ ಕಠಿಣವಾದರೆ ತಪ್ಪು ತಾನಾಗಿ ನಿಂತುಹೋಗುತ್ತದೆ, ಅಲ್ಲವೇ?" ಎಂದು ಶಿಷ್ಯ ಕೇಳಿದ.

ಮಠದ ಚಿಕ್ಕ ವಟುಗಳ ಉಸ್ತುವಾರಿ ಅವನದು. ತಪ್ಪೊಪ್ಪಿಕೊಂಡವನಿಗೆ ಆ ದಿನ ಊಟವಿಲ್ಲ ಎಂದು ಕಟ್ಟು ಮಾಡಿದ್ದ. ಈಗ ಒಬ್ಬನೂ ತಪ್ಪು ಮಾಡುತ್ತಿಲ್ಲವೆಂದು ಹೇಳುವಾಗ ಅವನ ಮುಖ ಅರಳಿತ್ತು.

ಗುರುಗಳು ಒಂದು ಕತೆ ಹೇಳಿದರು.

ಹಿಂದೆ ಒಂದು ಕೋಟೆಯ ಪಟ್ಟಣಕ್ಕೆ ಗಡ್ಡೆಜ್ವರ ಬಂತು. ಇವತ್ತು ಕಂಕುಳಲ್ಲಿ ಗಡ್ಡೆ ಎದ್ದವರು ನಾಡಿದ್ದಿಗೆ ಇರುತ್ತಿರಲಿಲ್ಲ. ಆ ಪಟ್ಟಣದ ಕೊತ್ವಾಲ ಒಳ್ಳೆಯವನು, ಜಾಣನೂ ಹೌದು. ರೋಗ ಎಲ್ಲಿದೆ ಎಂದು ಗೊತ್ತಾಗದೆ ಅದನ್ನು ತಡೆಯುವುದು ಹೇಗೆ? ಅವನು ಪ್ರತಿ ಬೀದಿಯ ಮೊದಲಿಗೆ ಒಂದು ಹಲಗೆಯನ್ನೂ ಅದನ್ನು ಬಾರಿಸುವ ಕೋಲನ್ನೂ ತೂಗುಹಾಕಿಸಿದ. ಯಾರ ಮನೆಯಲ್ಲಿ ಸಾವಾದರೂ ಆ ಮನೆಯವರು ಬಂದು ಅದನ್ನು ಬಾರಿಸಬೇಕು. ಸದ್ದು ಕೇಳಿದೊಡನೆ ಅವನ ಆಳುಗಳು ಓಡಿಬಂದು ಆ ಮನೆಗೆ ಸುಣ್ಣ ಹೊಡೆದು, ಅಕ್ಕಪಕ್ಕದವರನ್ನು ದೂರ ಕಳಿಸುತ್ತಿದ್ದರು. ನೆರೆಯವರಾದರೂ ಉಳಿಯಲಿ ಎಂದು ಜನ ಅಳುತ್ತಲೇ ಬಂದು ಹಲಗೆ ಬಾರಿಸುತ್ತಿದ್ದರು.

ಒಳ್ಳೆಯವರಿಗೂ ಅವಸರ ಬರುತ್ತದೆ. ರೋಗ ಬೇಗ ಇಳಿಯಲಿಲ್ಲವೆಂದು ಕೊತ್ವಾಲ ಬಿಗಿಯಾದ. ಹಲಗೆ ಬಾರಿಸಿದವರ ಮನೆಯ ಹೆಂಚು ಇಳಿಸಿ, ಮನೆಮಂದಿಯನ್ನೆಲ್ಲ ಕೋಟೆಯಾಚೆಯ ಗುಡಿಸಲುಗಳಲ್ಲಿ ಕೂಡಿಹಾಕಬೇಕೆಂದು ಅಪ್ಪಣೆ ಮಾಡಿದ. ಅಲ್ಲಿಗೆ ಹೋಗಿ ಮರಳಿದವರು ಕಡಿಮೆ.

ಹಲಗೆಯ ಸದ್ದು ದಿನದಿನಕ್ಕೆ ವಿರಳವಾಯಿತು. ಆಮೇಲೆ ನಿಂತೇ ಹೋಯಿತು. ಅರಸ ಕೊತ್ವಾಲನಿಗೆ ಶಾಲು ಹೊದಿಸಿದ. ಕೊತ್ವಾಲ ಪಟ್ಟಣ ಸುತ್ತುವಾಗ ಗೋಡೆಗಳಾಚೆ ಹಿತ್ತಿಲುಗಳಲ್ಲಿ ಹೊಸದಾಗಿ ನೆಟ್ಟ ಬಾಳೆಕಂದುಗಳು ಕಂಡವು. ಗೊನೆ ತಿನ್ನುವ ಆಸೆ ಇದ್ದವರು ತಾನೇ ಬಾಳೆ ನೆಡುವುದು! ಜನ ಮತ್ತೆ ಬದುಕಲು ಹೊರಟಿದ್ದಾರೆಂದು ಅವನ ಎದೆ ಹಗುರಾಯಿತು.

ಜ್ವರ ಬಂದಾಗಲೇ ಅವನು ಮಗಳನ್ನೂ ಎಳೆಯ ಮೊಮ್ಮಗನನ್ನೂ ದೂರದ ಹಳ್ಳಿಗೆ ಕಳಿಸಿದ್ದ. ಈಗ ಅವರನ್ನು ಕರೆಸಲು ಗಾಡಿ ಹೂಡಿಸಿದ.

"ಇನ್ನೊಂದಷ್ಟು ದಿನ ತಡೀರಿ. ನನಗ್ಯಾಕೋ ಧೈರ್ಯ ಸಾಲದು," ಎಂದಳು ಹೆಂಡತಿ.

"ಹಲಗೆ ಸದ್ದು ಕೇಳಿ ಎಷ್ಟು ಕಾಲವಾಯಿತು ಹೇಳು? ಕೂಸನ್ನು ಎತ್ತಿಕೊಳ್ಳದೆ ನನಗೆ ಅನ್ನ ಇಳಿಯೋದಿಲ್ಲ," ಎಂದ ಕೊತ್ವಾಲ.

ಕೂಸು ಬಂತು. ಅಜ್ಜನ ಮೀಸೆ ಹಿಡಿದು ಎಳೆಯಿತು. ವಾರ ತುಂಬುವುದರೊಳಗೆ ಅದಕ್ಕೆ ಜ್ವರ ಏರಿತು, ಗಡ್ಡೆ ಎದ್ದಿತು, ಕೂಸು ಹೋಗಿಬಿಟ್ಟಿತು.

ಕೊತ್ವಾಲ ಗೋಳೋ ಎಂದು ಬಾಯಿ ತೆರೆದ. ಹೆಂಡತಿ ಆ ಬಾಯನ್ನು ಗಟ್ಟಿಯಾಗಿ ಮುಚ್ಚಿದಳು. "ಸುಮ್ಮನಿರಿ! ಹೊರಗೆ ಗೊತ್ತಾದರೆ ಮಗಳನ್ನೂ ಗುಡಿಸಲಿಗೆ ಎಳೆದೊಯ್ತಾರೆ. ನಿಮ್ಮದೇ ಅಪ್ಪಣೆ."

ಅವನು ಕೂಸನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗಿ, ಗುಂಡಿ ತೋಡಿ ಮಲಗಿಸಿದ. ಮೇಲೆ ಮಣ್ಣೆಳೆದ. ಹಸಿಮಣ್ಣು ಯಾರ ಕಣ್ಣಿಗೂ ಬೀಳಬಾರದು, ಅಲ್ಲಿ ಏನಾದರೂ ನೆಡಬೇಕು. ಬಾವಿಕಟ್ಟೆಯ ಬಾಳೆಯ ಬುಡದಿಂದ ಒಂದು ಕಂದು ಕಿತ್ತು ತಂದ. ಅದನ್ನು ಹಿಡಿದು ತಲೆ ಎತ್ತಿದಾಗ, ಗಿಡ್ಡ ಗೋಡೆಯಾಚೆ ನೆರೆಮನೆಯ ಹಿತ್ತಿಲು ಕಂಡಿತು. ಅಲ್ಲಿ ಮೂರು ಬಾಳೆಕಂದುಗಳಿದ್ದವು. ಅದರಾಚೆಯ ಹಿತ್ತಿಲಲ್ಲೂ ಇದ್ದವು, ಅದರಾಚೆಗೂ ಇದ್ದವು.

ಕಂದನ್ನು ಅಲ್ಲೇ ಬಿಟ್ಟು ಅವನು ನೆಟ್ಟಗೆ ಬೀದಿಯ ಮೊದಲಿಗೆ ನಡೆದ. ಧೂಳು ಹಿಡಿದ ಹಲಗೆಯನ್ನು ತನ್ನ ಕೈಯಾರೆ ಬಾರಿಸಿದ. ಕದಗಳು ಒಂದೊಂದಾಗಿ ತೆರೆದವು.

"ನನ್ನ ಮನೆಯಲ್ಲಿ ಸಾವಾಗಿದೆ. ಇನ್ನು ಯಾರ ಮನೆಯ ಹೆಂಚೂ ಇಳಿಯೋದಿಲ್ಲ, ಯಾರನ್ನೂ ಎಳೆದೊಯ್ಯೋದಿಲ್ಲ," ಎಂದ. ಅವನಿಗೆ ಅಳು ತಡೆಯಲಾಗಲಿಲ್ಲ.

ಕಡೆಗೆ ನೆರೆಮನೆಯ ಮುದುಕ ಬಂದು ಅವನ ಕೈಯಿಂದ ಕೋಲು ತೆಗೆದುಕೊಂಡ. ಸಂಜೆಯ ಹೊತ್ತಿಗೆ ಪಟ್ಟಣದ ಎಲ್ಲ ಬೀದಿಗಳಲ್ಲೂ ಹಲಗೆ ಕೇಳುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಪಾಠಶಾಲೆಯ ಕಡೆಯಿಂದ ಒಂದು ಸದ್ದೂ ಬರುತ್ತಿರಲಿಲ್ಲ. ಶಿಷ್ಯ ಅತ್ತ ನೋಡಿದ, ಮತ್ತೆ ಗುರುಗಳ ಕಡೆ ತಿರುಗಿದ.

"ಮಗೂ, ನಿನ್ನ ಹುಡುಗರು ಬಾಳೆ ನೆಟ್ಟ ಹಿತ್ತಿಲನ್ನು ಒಮ್ಮೆಯಾದರೂ ನೋಡಿದ್ದೀಯಾ?" ಎಂದರು ಗುರುಗಳು.

ಶಿಷ್ಯ ಎದ್ದು ಪಾಠಶಾಲೆಯ ಕಡೆ ನಡೆದ.