ಹೂವಿಲ್ಲದ ಕೇಕು

ಕಡೂರಿನಲ್ಲಿ ಸೌಮ್ಯನಾರಾಯಣ ಅಂತ ಒಬ್ಬರು ಬೇಕರಿ ಇಟ್ಟಿದ್ದರು. ಅವರ ತಂದೆ ಶುರುಮಾಡಿದ ಅಂಗಡಿ. ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಬನ್ನು, ಸಂಜೆ ಖಾರಾ ಬಿಸ್ಕೆಟ್ಟು. ಆದರೆ ಊರಿನವರು ಆ ಅಂಗಡಿಯನ್ನು ನೆನೆಸಿಕೊಳ್ಳುತ್ತಿದ್ದುದು ಹನಿ ಕೇಕಿಗಾಗಿ. ಮೆತ್ತನೆಯ ಕೇಕಿಗೆ ಜೇನು ಬೆರೆಸಿದ ಪಾಕ ಕುಡಿಸಿ, ಮೇಲೆ ತೆಳ್ಳಗೆ ಜಾಮ್ ಸವರಿ, ಕೊಬ್ಬರಿ ತುರಿ ಉದುರಿಸಿದರೆ ಮುಗಿಯಿತು. ಅಷ್ಟೇ ಅದರ ಅಲಂಕಾರ.

ಈಚೆಗೆ ಕಾಲ ಬದಲಾಗಿತ್ತು. ಹುಟ್ಟುಹಬ್ಬಕ್ಕೆ ಕೇಕ್ ಹೇಳಲು ಬರುವವರು ಮೊಬೈಲ್ ಹಿಡಿದೇ ಬರುತ್ತಿದ್ದರು. "ಇದೇ ಥರ ಬೇಕು" ಎಂದು ಫೋಟೋ ತೋರಿಸುತ್ತಿದ್ದರು. ಒಬ್ಬರಿಗೆ ಕ್ರಿಕೆಟ್ ಮೈದಾನ ಬೇಕು, ಇನ್ನೊಬ್ಬರಿಗೆ ಟ್ರ್ಯಾಕ್ಟರ್ ಬೇಕು, ಮತ್ತೊಬ್ಬರಿಗೆ ಸೀರೆಯ ಸೆರಗಿನಂತೆ ಇಳಿಬಿದ್ದ ಕ್ರೀಮ್ ಬೇಕು. ಒಳಗಿನ ಕೇಕ್ ಹೇಗಿರಬೇಕು ಅಂತ ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಸೌಮ್ಯನಾರಾಯಣರು ಅದನ್ನೆಲ್ಲ ಕಲಿತರು. ಅವರ ಕೈ ಚೆನ್ನಾಗಿತ್ತು. ಗುಲಾಬಿ ಹಾಕಿದರೆ ಕಿತ್ತು ಮುಡಿದುಕೊಳ್ಳುವ ಹಾಗಿರುತ್ತಿತ್ತು. ಆದರೆ ಪಾರ್ಟಿ ಮುಗಿದ ಮನೆಗಳಿಗೆ ಟ್ರೇ ವಾಪಸ್ ತರಲು ಹೋದಾಗ ಅವರಿಗೆ ಕಾಣುತ್ತಿದ್ದುದೇ ಬೇರೆ. ಪೇಪರ್ ತಟ್ಟೆಗಳ ಅಂಚಿನಲ್ಲೆಲ್ಲ ಕ್ರೀಮು. ಮಕ್ಕಳ ಕೆನ್ನೆಯಲ್ಲಿ ಕ್ರೀಮು. ಗೋಡೆಯ ಮೇಲೂ ಕ್ರೀಮು.

"ಬೇಕು ಅನ್ನೋರೂ ಇವರೇ, ಕೆರೆದು ಬಿಸಾಕೋರೂ ಇವರೇ. ನನಗಂತೂ ತಲೆಬುಡ ಅರ್ಥ ಆಗ್ತಿಲ್ಲ" ಎಂದು ಅವರು ಹೆಂಡತಿ ರಂಗನಾಯಕಿಯ ಹತ್ತಿರ ಹೇಳಿದರು.

ರಂಗನಾಯಕಿ ಕೇಕಿನ ಡಬ್ಬಿಗಳನ್ನು ಮಡಿಸುತ್ತಾ ಕೂತಿದ್ದರು. "ಅರ್ಥ ಆಗದಿದ್ರೆ ಕೇಳಿ ತಿಳ್ಕೊಳ್ಳಿ" ಎಂದರು. ಆದರೆ ಅಷ್ಟರಲ್ಲಿ ಗಿರಾಕಿ ಬಂದರು, ಮಾತು ಅಲ್ಲಿಗೇ ನಿಂತಿತು.

ಬಂದವರು ಟೈಲ್ಸ್ ಅಂಗಡಿಯ ತೀರ್ಥಪ್ರಸಾದ್. ಅವರ ಮಗಳು ಇಂಚರಳಿಗೆ ಆರು ತುಂಬುತ್ತಿತ್ತು.

"ಅರಮನೆ ಥರ ಇರಬೇಕು ಸ್ವಾಮಿ. ಗೋಪುರ, ಬಾಗಿಲು, ಆನೆ, ಎಲ್ಲಾ ಇರಬೇಕು. ಬಂದವರು ಬಾಯಿ ಬಿಟ್ಕೊಂಡು ನೋಡಬೇಕು."

"ನೋಡೋದು ಸರಿ. ತಿನ್ನೋಕೆ ಯಾವ ಕೇಕು?"

"ಯಾವುದೋ ಒಂದು ಹಾಕಿ ಸ್ವಾಮಿ."

ಅಷ್ಟು ಎತ್ತರದ ಅರಮನೆಯನ್ನು ಬರೀ ಕೇಕಿನಲ್ಲಿ ಕಟ್ಟಿದರೆ ಭಾರಕ್ಕೆ ಕುಸಿಯುತ್ತದೆ. ಅದಕ್ಕೇ ಸೌಮ್ಯನಾರಾಯಣರು ಎಲ್ಲರೂ ಮಾಡುವ ಹಾಗೆ ಕೆಳಗಿನ ಅಂತಸ್ತುಗಳಿಗೆ ಥರ್ಮಾಕೋಲ್ ಇಟ್ಟರು. ಅದರ ಮೇಲೆ ಸಕ್ಕರೆ ಹಿಟ್ಟನ್ನು ಚಪಾತಿಯಂತೆ ಲಟ್ಟಿಸಿ ಹೊದಿಸಿದರು. ಮೇಲಿನ ಅಂತಸ್ತು ಮಾತ್ರ ನಿಜವಾದ ಕೇಕು. ಅದೂ ಗೋಪುರಗಳ ಭಾರ ಹೊರಬೇಕಲ್ಲ, ಗಟ್ಟಿಯಾಗಿ ಬೇಯಿಸಿದ ಒಣ ಕೇಕು.

ಪಾರ್ಟಿಯ ದಿನ ಹಾಲ್ ತುಂಬಾ ಜನ. ಅರಮನೆ ನೋಡಿ ಎಲ್ಲರೂ ಹೋ ಎಂದರು. ಮೊಬೈಲ್‌ಗಳು ಮೇಲೆದ್ದವು. ಇಂಚರ ಕುರ್ಚಿಯ ಮೇಲೆ ನಿಂತಳು. ಫೋಟೋ ತೆಗೆಯುವವನು, "ಸ್ವಲ್ಪ ಕೆಳಗೆ ಕಟ್ ಮಾಡಿಸಿ ಸಾರ್, ಮುಖ ಕಾಣಲ್ಲ" ಎಂದ. ತೀರ್ಥಪ್ರಸಾದ್ ಮಗಳ ಕೈ ಹಿಡಿದು ಚಾಕುವನ್ನು ಕೆಳಗಿನ ಅಂತಸ್ತಿಗೆ ಒತ್ತಿದರು.

ಕರ್ ಕರ್ ಎಂದು ಸದ್ದಾಯಿತು. ಚಾಕು ಸಿಕ್ಕಿಕೊಂಡಿತು. ಎಳೆದಾಗ ಬಿಳಿ ಬಿಳಿ ಥರ್ಮಾಕೋಲ್ ಕಾಳುಗಳು ಉದುರಿದವು.

"ಅಪ್ಪಾ, ಇದರಲ್ಲಿ ಕೇಕೇ ಇಲ್ಲ!" ಎಂದಳು ಇಂಚರ. ಜನ ನಕ್ಕರು. ಮಗು ಅಳತೊಡಗಿತು.

ಸೌಮ್ಯನಾರಾಯಣರು ಓಡಿಬಂದು, "ಮೇಲಿರೋದು ಕೇಕೇ ಪುಟ್ಟಾ" ಎಂದು ಒಂದು ತುಂಡು ಕತ್ತರಿಸಿ ಕೊಟ್ಟರು. ಇಂಚರ ದಪ್ಪನೆಯ ಸಕ್ಕರೆ ಹೊದಿಕೆಯನ್ನು ಸುಲಿದು ಬದಿಗಿಟ್ಟಳು. ಒಳಗಿನದನ್ನು ಕಚ್ಚಿದಳು, ಗಂಟಲಿಗೆ ಹಿಡಿಯಿತು. ನೀರು ಕುಡಿದಳು. ಆಮೇಲೆ ಅವರ ಅಂಗಿ ಜಗ್ಗಿ ಮೆಲ್ಲಗೆ ಹೇಳಿದಳು:

"ಅಂಕಲ್, ನಂಗೆ ಹನಿ ಕೇಕ್ ಬೇಕಿತ್ತು. ಅದು ಫೋಟೋಲಿ ಚೆನ್ನಾಗಿ ಕಾಣಲ್ಲ ಅಂದ್ರು ಅಪ್ಪ."

ಸೌಮ್ಯನಾರಾಯಣರಿಗೆ ಆ ಮಾತು ಚುಚ್ಚಿತು. ಮನೆಗೆ ಬಂದವರೇ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಗಡಿಯ ಮುಂದೆ ತೂಗುಹಾಕಿದರು: "ಇನ್ನು ಮುಂದೆ ಇಲ್ಲಿ ಕ್ರೀಮ್ ಅಲಂಕಾರ ಮಾಡುವುದಿಲ್ಲ. ರುಚಿಯಾದ ಸಾದಾ ಕೇಕ್ ಮಾತ್ರ ಸಿಗುತ್ತದೆ."

"ಎಲ್ಲರಿಗೂ ಒಂದೇ ಕಾನೂನಾ?" ಎಂದರು ರಂಗನಾಯಕಿ.

"ಕೇಕ್ ಇರೋದು ತಿನ್ನೋಕೆ ಕಣೆ. ಇದರಲ್ಲಿ ಎರಡು ಮಾತಿಲ್ಲ."

ಕೆಲವು ಗಿರಾಕಿಗಳು ಬೋರ್ಡ್ ಓದಿ ಬೇರೆ ಬೇಕರಿಗೆ ಹೋದರು. ಕೆಲವರು, "ಒಳ್ಳೇ ಕೆಲಸ ಮಾಡಿದ್ರಿ ಸ್ವಾಮಿ, ಯಾರಾದ್ರೂ ಹೇಳಬೇಕಿತ್ತು" ಎಂದು ಹೊಗಳಿದರು. ಹೊಗಳಿಕೆ ಅವರಿಗೆ ಹಿತವಾಯಿತು. ಬರುಬರುತ್ತಾ ಒಂದು ಬನ್ ಕೊಳ್ಳಲು ಬಂದವರಿಗೂ ಅವರು ಕ್ರೀಮಿನ ವಿರುದ್ಧ ಭಾಷಣ ಮಾಡತೊಡಗಿದರು. ಗೊಂದಲವೆಲ್ಲ ಕಳೆಯಿತು ಅಂದುಕೊಂಡರು.

ಹೊಸ ವರ್ಷ ಹತ್ತಿರ ಬಂತು. ಅಂಗನವಾಡಿ ಟೀಚರ್ ವನಜಾಕ್ಷಿ ಅಂಗಡಿಗೆ ಬಂದರು.

"ನಮ್ಮತ್ತೆಗೆ ಒಂದು ಕೇಕ್ ಬೇಕು ಸ್ವಾಮಿ. ಅವರು ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಆಧಾರ್ ಕಾರ್ಡಲ್ಲಿ ಜನವರಿ ಒಂದು ಅಂತ ಹಾಕಿದಾರೆ. ಪ್ರತಿ ವರ್ಷ ಅವತ್ತು ಹೊಸ ವರ್ಷದ ಕೇಕೇ ಮನೇಲಿ ಕಟ್ ಆಗೋದು. ಈ ಸಲ ಅವರ ಹುಟ್ಟುಹಬ್ಬ ಅಂತಲೇ ಮಾಡೋಣ ಅಂತ. ಮೇಲೆ ಒಂದು ಹೂವು..."

ಸೌಮ್ಯನಾರಾಯಣರು ಮಾತು ಮುಗಿಸಲು ಬಿಡಲಿಲ್ಲ. "ಹೂವು ಗೀವು ಬೇಡಮ್ಮಾ. ವಯಸ್ಸಾದವರು, ಹಲ್ಲು ಬೇರೆ ಇರಲ್ಲ. ಕ್ರೀಮ್ ಬಾಯಿಗೆಲ್ಲ ಅಂಟುತ್ತೆ, ಹೊಟ್ಟೆ ಭಾರ ಆಗುತ್ತೆ. ಬಾಯಲ್ಲಿಟ್ಟರೆ ಕರಗೋ ಹಾಗೆ ನಾನೇ ಮಾಡಿಕೊಡ್ತೀನಿ, ನೋಡಿ."

ವನಜಾಕ್ಷಿ ಬೋರ್ಡಿನ ಕಡೆ ನೋಡಿದರು. "ಆಗಲಿ ಸ್ವಾಮಿ" ಎಂದರು.

ಆ ಕೇಕನ್ನು ಸೌಮ್ಯನಾರಾಯಣರು ತಾವೇ ಕೈಯಾರೆ ಮಾಡಿದರು. ಒಳ್ಳೇ ಬೆಣ್ಣೆ ತಂದರು. ಏಲಕ್ಕಿಯನ್ನು ಆಗಲೇ ಕುಟ್ಟಿ ಹಾಕಿದರು. ಒಲೆಯಿಂದ ತೆಗೆದಾಗ ಪರಿಮಳಕ್ಕೆ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ಇಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ ಎಂದುಕೊಂಡು, ತಾವೇ ಡಬ್ಬಿ ಹಿಡಿದು ವನಜಾಕ್ಷಿಯವರ ಮನೆಗೆ ಹೋದರು.

ಅತ್ತೆ ಸಿದ್ದಗಂಗಮ್ಮ ಜರಿಯಂಚಿನ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ಕೂತಿದ್ದರು. ಅಕ್ಕಪಕ್ಕದ ಮನೆಯವರೆಲ್ಲ ಚಾಪೆಯ ಮೇಲೆ ಕೂತಿದ್ದರು. ಡಬ್ಬಿ ತೆರೆದಾಗ ಸಿದ್ದಗಂಗಮ್ಮ ಬಗ್ಗಿ ಕೇಕನ್ನು ನೋಡಿದರು. ಡಬ್ಬಿಯ ಮುಚ್ಚಳವನ್ನು ತಿರುಗಿಸಿ ಅದರೊಳಗೂ ನೋಡಿದರು.

"ಇದು ಬ್ರೆಡ್ಡಲ್ವಾ ಅಯ್ನೋರೆ?"

"ಅಲ್ಲ ಅಜ್ಜಿ, ಕೇಕೇ. ತಿಂದು ನೋಡಿ."

ಅಜ್ಜಿ ಕತ್ತರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ತುಂಡು ಬಾಯಿಗಿಟ್ಟುಕೊಂಡು, "ಮೆತ್ತಗಿದೆ. ಚೆನ್ನಾಗಿದೆ" ಎಂದರು. ಆದರೆ ಅವರ ಮುಖ ಅರಳಲಿಲ್ಲ. ಸಂಕೋಚದಿಂದ ಕೇಳಿದರು:

"ಮೇಲೆ ಹೂವು ಇರಲ್ವಾ? ಹೆಸರು ಬರೀತಾರಲ್ಲ, ಅದೂ ಇಲ್ವಾ?"

ವನಜಾಕ್ಷಿ ತಲೆ ತಗ್ಗಿಸಿದರು. ಪಕ್ಕದ ಮನೆಯಾಕೆ ನಕ್ಕು, "ಅಜ್ಜಿ, ನಿಮಗೆ ಓದೋಕೇ ಬರಲ್ಲ, ಹೆಸರು ತಗೊಂಡು ಏನ್ಮಾಡ್ತೀರಾ?" ಎಂದರು.

"ನನಗೆ ಬರಲ್ಲ ಕಣವ್ವಾ. ಬಂದಿರೋರಿಗೆ ಬರುತ್ತಲ್ಲ. ಇವತ್ತಿನ ಕೇಕು ಯಾರದು ಅಂತ ಅವರು ಓದಲಿ ಅಂತ" ಎಂದರು ಸಿದ್ದಗಂಗಮ್ಮ. "ಮೊಮ್ಮಕ್ಕಳ ಕೇಕಲ್ಲಿ ಹೂವು ಬರುತ್ತೆ. ಅದು ಮಕ್ಕಳ ಪಾಲು. ಮುದುಕಿ ನಾನು ಕೇಳೋಕಾಗುತ್ತಾ? ಹೋಗಲಿ ಬಿಡಿ. ಅಯ್ನೋರು ಪಾಪ ಬಿಸಿಲಲ್ಲಿ ಬಂದವ್ರೆ, ಅವರಿಗೆ ಕಾಫಿ ಕೊಡಿ."

ಸೌಮ್ಯನಾರಾಯಣರು ಕಾಫಿ ಕುಡಿಯಲಿಲ್ಲ. ಈಗ ಬಂದೆ ಎಂದು ಹೇಳಿ ಹೊರಟರು. ದಾರಿಯುದ್ದಕ್ಕೂ ಅವರ ತಲೆ ತಿರುಗುತ್ತಿತ್ತು. ಅರಮನೆ ಕಟ್ಟಿಕೊಟ್ಟೆ, ಮಗು ಅತ್ತಿತು. ಅರಮನೆ ಬಿಟ್ಟೆ, ಅಜ್ಜಿ ಸಪ್ಪಗಾದರು. ಅಲಂಕಾರ ಹೆಚ್ಚಾದರೆ ತಪ್ಪು. ಇಲ್ಲದಿದ್ದರೂ ತಪ್ಪು. ಹೂವು ಬೇಕಾದದ್ದು ಮಗುವಿಗೆ, ಸಾದಾ ಬೇಕಾದದ್ದು ಅಜ್ಜಿಗೆ ಅಲ್ಲವೇ? ಇದೇನು ಎಲ್ಲ ಉಲ್ಟಾ?

ಅಂಗಡಿಗೆ ಬಂದು ಹೆಂಡತಿಗೆ ಎಲ್ಲ ಹೇಳಿದರು. "ಯಾರಿಗೆ ಏನು ಬೇಕು ಅಂತ ತಿಳ್ಕೊಳ್ಳೋದು ಹೇಗೆ ಮಾರಾಯ್ತಿ?"

"ನೀವು ಕೇಳಿದ್ರಾ?"

"ಕೇಳಿದ್ನಲ್ಲ! ತೀರ್ಥಪ್ರಸಾದ್ ಏನು ಹೇಳಿದ್ರೋ ಅದನ್ನೇ ಮಾಡಿದೆ."

"ಅವರು ದುಡ್ಡು ಕೊಡೋರು. ತಿನ್ನೋಳನ್ನ ಕೇಳಿದ್ರಾ? ಅಜ್ಜಿ ವಿಷಯದಲ್ಲಂತೂ ಹೂವು ಅಂತ ಬಾಯಿಬಿಟ್ಟ ವನಜಾಕ್ಷಿ ಮಾತನ್ನೂ ಕೇಳಲಿಲ್ಲ. ತೀರ್ಥಪ್ರಸಾದ್ ಜನಕ್ಕೆ ತೋರಿಸೋಕೆ ಅರಮನೆ ಮಾಡಿಸಿದ್ರು. ನೀವು ಜನಕ್ಕೆ ತೋರಿಸೋಕೆ ಸಾದಾ ಕೇಕ್ ಮಾಡಿದ್ರಿ."

ಸೌಮ್ಯನಾರಾಯಣರಿಗೆ ಸಿಟ್ಟು ಬಂತು. ಅದು ಬೇರೆ, ಇದು ಬೇರೆ ಎಂದು ವಾದಿಸಬೇಕೆನಿಸಿತು. ಆದರೆ ಅಜ್ಜಿಯ ಸಪ್ಪಗಾದ ಮುಖ ನೆನಪಾಯಿತು. ಒಳಗೆ ಹೋಗಿ ಸ್ವಲ್ಪ ಬೆಣ್ಣೆ, ಸಕ್ಕರೆ ಪುಡಿ ಕಲಸಿ ಕ್ರೀಮ್ ಮಾಡಿದರು. ಅದನ್ನೂ, ಬಣ್ಣದ ಬಾಟಲಿಗಳನ್ನೂ, ಹೂವು ಹಾಕುವ ಕೊಳವೆಯನ್ನೂ ಚೀಲದಲ್ಲಿಟ್ಟುಕೊಂಡು ಮತ್ತೆ ಆ ಮನೆಗೆ ಹೋದರು.

ಬಂದವರು ಇನ್ನೂ ಎದ್ದು ಹೋಗಿರಲಿಲ್ಲ. ಕೇಕಿನ ಮುಕ್ಕಾಲು ಭಾಗ ಉಳಿದಿತ್ತು. ಅವರು ಅಜ್ಜಿಯ ಎದುರಿಗೇ ಚಕ್ಕಂಬಟ್ಟಲು ಹಾಕಿ ಕೂತರು.

"ಅಜ್ಜಿ, ಮೊದಲೇ ನಿಮ್ಮನ್ನ ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳ್ತೀನಿ. ಯಾವ ಹೂವು ಹಾಕಲಿ?"

ಸಿದ್ದಗಂಗಮ್ಮ ಸೊಸೆಯ ಮುಖ ನೋಡಿದರು. ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಹೀಗೆ ಕೇಳಿರಲಿಲ್ಲ.

"ಕನಕಾಂಬರ ಬರುತ್ತಾ ಅಯ್ನೋರೆ?"

ಸೌಮ್ಯನಾರಾಯಣರು ಕನಕಾಂಬರ ಯಾವತ್ತೂ ಹಾಕಿರಲಿಲ್ಲ. ಎರಡು ಸಲ ಕೆಟ್ಟಿತು. ಆಮೇಲೆ ಕೈ ಕೂಡಿತು. ಕೇಕಿನ ಒಂದು ಬದಿಗೆ ಪುಟ್ಟ ಕನಕಾಂಬರದ ದಂಡೆ ಮೂಡಿತು. ಕೆಳಗೆ "ಸಿದ್ದಗಂಗಮ್ಮ" ಎಂದು ಬರೆದರು. ಕತ್ತರಿಸಿದ ಭಾಗಕ್ಕೆ ಬಂದಾಗ ಜಾಗ ಸಾಲದೆ ಕೊನೆಯ ಅಕ್ಷರ ಸೊಟ್ಟಗಾಯಿತು. ಪಕ್ಕದ ಮನೆಯಾಕೆಯೇ ಅದನ್ನು ಗಟ್ಟಿಯಾಗಿ ಓದಿದರು. ಅಜ್ಜಿ ಅಕ್ಷರಗಳ ಮೇಲೆ, ಮುಟ್ಟದೆ, ಬೆರಳು ಆಡಿಸಿದರು. ಅವರ ಕಣ್ಣು ತುಂಬಿತ್ತು.

ಆಮೇಲೆ ದಂಡೆಯಿಂದ ಒಂದು ಹೂವನ್ನು ಕಿತ್ತು ಬಾಯಿಗೆ ಹಾಕಿಕೊಂಡರು. ತಕ್ಷಣ ಮುಖ ಕಿವಿಚಿದರು.

"ಅಯ್ಯೋ ಶಿವನೇ, ಬರೀ ಸಕ್ಕರೆ!"

ಎಲ್ಲರೂ ನಕ್ಕರು. ಸೌಮ್ಯನಾರಾಯಣರು ಕೈಯಲ್ಲಿ ಕೊಳವೆ ಹಿಡಿದುಕೊಂಡೇ ಕಕ್ಕಾಬಿಕ್ಕಿಯಾದರು.

"ಹಾಗಾದ್ರೆ ಮುಂದಿನ ವರ್ಷ ಹೂವು ಬೇಡ್ವಾ ಅಜ್ಜಿ?"

"ಬೇಡ ಅಂದೋರ್ಯಾರು?" ಎಂದರು ಸಿದ್ದಗಂಗಮ್ಮ. "ಇನ್ನೂ ಸ್ವಲ್ಪ ದೊಡ್ಡದು ಹಾಕಿ."

ನೀತಿ: ಅಲಂಕಾರ ಎಷ್ಟಿದ್ದರೆ ಹೆಚ್ಚು, ಎಷ್ಟಿದ್ದರೆ ಕಡಿಮೆ ಎಂದು ಹೊರಗಿನಿಂದ ಅಳೆದು ಹೇಳಲು ಬರುವುದಿಲ್ಲ. ಯಾರ ಸಂತೋಷಕ್ಕಾಗಿ ಮಾಡುತ್ತಿದ್ದೇವೋ ಅವರನ್ನೇ ಮೊದಲು ಕೇಳಬೇಕು. ಕೇಳದೆ ಕಟ್ಟಿದ ಅರಮನೆ ಹೇಗೆ ಆಡಂಬರವೋ, ಕೇಳದೆ ಹೇರಿದ ಸರಳತೆಯೂ ಹಾಗೆಯೇ ಆಡಂಬರ.