ಓಗೊಡದ ಗುಡ್ಡ

ಕುಂದಾಪುರದಿಂದ ಬಡಗಕ್ಕೆ, ಹೊಳೆಯೊಂದು ಕಡಲು ಸೇರುವ ಅಳಿವೆಯ ಪಕ್ಕದಲ್ಲಿ ಮುರಕಲ್ಲಿನ ಗುಡ್ಡವೊಂದಿದೆ. ಅದರ ನೆತ್ತಿಯ ಮೇಲೆ ಹಂಚಿನ ಮಾಡು ಕಳೆದುಕೊಂಡ ಉದ್ದನೆಯ ಗೋಡೆಗಳು ನಿಂತಿವೆ. ಬಾಗಿಲ ಮೇಲಿನ ಕಲ್ಲಿನಲ್ಲಿ ಗ್ರೀಕ್ ಅಕ್ಷರಗಳಿವೆ. ಅವುಗಳನ್ನು ಓದಬಲ್ಲವರು ಊರಿನಲ್ಲಿ ಈಗ ಯಾರೂ ಇಲ್ಲ. ಇದು ಜರ್ಮನ್ ಪಾದ್ರಿಗಳು ನಡೆಸುತ್ತಿದ್ದ ಹೈಸ್ಕೂಲು. ತಮ್ಮ ನಾಡಿನ ಹಳೆಯ ಶಾಲೆಗಳಲ್ಲಿದ್ದಂತೆ ಇಲ್ಲಿಯೂ ಅವರು ಲ್ಯಾಟಿನ್, ಗ್ರೀಕ್ ಕಲಿಸುತ್ತಿದ್ದರು. ಆದರೂ ಜನ ಇದನ್ನು ಶಾಲೆಗುಡ್ಡ ಎನ್ನುವುದಿಲ್ಲ, ಓಗೊಡದ ಗುಡ್ಡ ಎನ್ನುತ್ತಾರೆ.

ಹಿಂದೆ, ಈ ಗೋಡೆಗಳ ಮೇಲೆ ಹಂಚು ಇನ್ನೂ ಇದ್ದ ಕಾಲದಲ್ಲಿ, ಕ್ರೇಮರ್ ಎಂಬ ಪಾದ್ರಿ ಇಲ್ಲಿ ಹಿರಿಯ ಉಪಾಧ್ಯಾಯರಾಗಿದ್ದರಂತೆ. ಜ್ವರ ಬಂದ ಹುಡುಗರ ಹಣೆಗೆ ತಾವೇ ಒದ್ದೆಬಟ್ಟೆ ಹಾಕುತ್ತಿದ್ದ ಮೃದು ಮನಸ್ಸಿನವರು. ಆದರೆ ಶಾಲೆಯ ಆವರಣದಲ್ಲಿ ಮನೆಮಾತು ಆಡಿದವನು ಆ ದಿನವೇ ಪೆಟ್ಟಿಗೆ ಹೊತ್ತು ಹೊರಡಬೇಕು; ಈ ನಿಯಮದಲ್ಲಿ ಅವರು ಬಗ್ಗುತ್ತಿರಲಿಲ್ಲ. ಆಚೆ ದಡದ ಮೊಗವೀರ ಕೇರಿಯ ಬಚ್ಚ ಎಂಬವನು ಅವರ ಅಚ್ಚುಮೆಚ್ಚಿನ ಶಿಷ್ಯ. ಬಲೆ ಎಳೆಯುವವರ ಮನೆಯಿಂದ ಬಂದವನು ಗ್ರೀಕ್ ಪದ್ಯ ಹೇಳತೊಡಗಿದರೆ ಪಾದ್ರಿಗಳು ಕಣ್ಣುಮುಚ್ಚಿ ಕೇಳುತ್ತಿದ್ದರು ಎನ್ನುತ್ತಾರೆ. ಒಂದು ಆಷಾಢದ ಮಧ್ಯಾಹ್ನ, ಪಾಠ ನಡೆಯುತ್ತಿದ್ದಾಗ, ಅವನ ತಾಯಿ ಅಕ್ಕಣಿ ಸಣ್ಣ ದೋಣಿಯಲ್ಲಿ ಹೊಳೆ ದಾಟಿ ಬಂದಳು. ಗೇಟು ಮುಚ್ಚಿತ್ತು. ಮಳೆಯಲ್ಲೇ ನಿಂತು ಕೂಗಿದಳು:

"ಬಚ್ಚಾ! ಅಪ್ಪಯ್ಯಂಗೆ ಸೀಕ್ ಜೋರಾಯ್ತ್ ಮಗಾ. ನಿನ್ನ ಕಾಣ್ಕ್ ಅಂಬ್ರ್. ಒಂದ್ಸಲ ಹೊರಗ್ ಬಾ!"

ಬಚ್ಚನ ಬೆಂಚು ಕಿಟಕಿಯ ಪಕ್ಕದಲ್ಲೇ ಇತ್ತು. ಕನ್ನಡ ಅಷ್ಟಾಗಿ ತಿಳಿಯದ ಪಾದ್ರಿಗಳು, ಕರೆಯುತ್ತಿರುವವರು ಯಾರು ಎಂದು ಅವನನ್ನು ಲ್ಯಾಟಿನ್ನಿನಲ್ಲಿ ಕೇಳಿದರು. ಓಗೊಟ್ಟರೆ ಓದು ಹೋಗುತ್ತದೆಂಬ ಹೆದರಿಕೆ ಒಂದು ಕಡೆ; ಹರಕು ಕಂಬಳಿ ಹೊದ್ದು ನಿಂತವಳು ತನ್ನ ತಾಯಿ ಎನ್ನಲು ನಾಚಿಕೆ ಇನ್ನೊಂದು ಕಡೆ. "ನೇಮೋ" ಎಂದುಬಿಟ್ಟ. ಲ್ಯಾಟಿನ್ನಿನಲ್ಲಿ ಹಾಗೆಂದರೆ 'ಯಾರೂ ಇಲ್ಲ'. ಜೊತೆಯ ಹುಡುಗರು ತಲೆ ತಗ್ಗಿಸಿದರು. ಅಕ್ಕಣಿ ಸ್ವಲ್ಪ ಹೊತ್ತು ಕಾದು ಇಳಿದು ಹೋದಳು. ಅಷ್ಟರಲ್ಲಿ ಹೊಳೆಗೆ ನೆರೆಯ ಕೆಂಪು ನೀರು ಬಂದಿತ್ತು. ದೋಣಿ ಅಳಿವೆಯಲ್ಲಿ ಮಗುಚಿತು. ಹೆಂಡತಿಯ ದಾರಿ ಕಾಯುತ್ತಲೇ ಗಂಡನೂ ಪ್ರಾಣಬಿಟ್ಟ. ಅವಳ ದೇಹ ಯಾವ ದಡಕ್ಕೂ ಬರಲಿಲ್ಲ.

ತಂದೆಯ ಕ್ರಿಯೆ ಮುಗಿಸಿ ಬಚ್ಚ ತರಗತಿಗೆ ಮರಳಿದ ದಿನವೇ, ನಡುಹಗಲಿನಲ್ಲಿ, ಗೇಟಿನ ಹೊರಗಿನಿಂದ "ಬಚ್ಚಾ" ಎಂಬ ಕೂಗು ಬಂತು. ಅವನೊಬ್ಬನಿಗಲ್ಲ, ಇಡೀ ತರಗತಿಗೆ ಕೇಳಿಸಿತು. ಪಾದ್ರಿಗಳ ಕೈಯಿಂದ ಸೀಮೆಸುಣ್ಣ ಬಿತ್ತು. ಬಚ್ಚ ಓಡಿ ಹೋಗಿ ನೋಡಿದರೆ ಅಲ್ಲಿ, ಅಂದು ಮಳೆ ಬಿಟ್ಟು ಒಣಗಿದ್ದ ನೆಲದ ಮೇಲೆ, ನೀರು ಸುರಿಯುವ ಕಂಬಳಿಯ ಒದ್ದೆ ಗುರುತು ಮಾತ್ರ. "ಓ ಅಬ್ಬಿ, ನಾನ್ ಇಲ್ಲೇ ಇದ್ದೆ!" ಎಂದು ತಾಯಿಗೆ ಕೇಳಲೆಂದು ಗಂಟಲು ಹರಿಯುವಂತೆ ಕೂಗಿದ. ಕೂಗು ಎಲ್ಲಿಯೂ ಮಾರ್ದನಿಸಲಿಲ್ಲ. ದಿನವೂ ಹೀಗೇ ಆಯಿತು: ಅವಳು ಕರೆಯುವಳು, ಅವನು ಓಗೊಡುವನು, ಆ ಓಗೊಡುವಿಕೆ ಅವಳನ್ನು ತಲುಪದು. ಕೊನೆಗೆ ತಮಗೆ ಕನ್ನಡ ಕಲಿಸುವ ಪಂಡಿತರಿಂದ ವಿಷಯ ತಿಳಿದ ಪಾದ್ರಿಗಳು ಗೇಟನ್ನು ಕೀಲಿನಿಂದ ಕಳಚಿ ತೆಗೆಸಿದರು. ಮಳೆಯಲ್ಲಿ ಬರಿದಲೆಯಲ್ಲಿ ನಿಂತು, ತೊದಲುವ ಕನ್ನಡದಲ್ಲಿ, "ಅಮ್ಮಾ, ನಿಮ್ಮ ಮಗನನ್ನು ಕರೆದುಕೊಂಡು ಹೋಗಿ, ನಾನು ತಡೆಯುವುದಿಲ್ಲ" ಎಂದು ಅತ್ತರಂತೆ. ಆಮೇಲೆ ಕರೆ ಆ ಜಾಗದಿಂದ ಬರಲಿಲ್ಲ, ಹೊಳೆಯಾಚೆಯಿಂದ ಬರತೊಡಗಿತು. ಬಚ್ಚ ಪುಸ್ತಕ ಮಡಚಿಟ್ಟು ಗುಡ್ಡವಿಳಿದ. ಜನರನ್ನು ಹೊಳೆ ದಾಟಿಸುವ ಕಡವಿನ ದೋಣಿ ಹಿಡಿದು, ಆಚೆಯಿಂದ ಯಾರು ಕೂಗಿದರೂ "ಓ" ಎಂದು ಹುಟ್ಟು ಹಾಕುತ್ತ ಮುದುಕನಾದ. ಮಹಾಯುದ್ಧದ ವರ್ಷ ಸರಕಾರದವರು, ಶತ್ರುದೇಶದವರೆಂದು, ಪಾದ್ರಿಗಳನ್ನು ಹಿಡಿದೊಯ್ದಾಗ ಅವರನ್ನು ಹೊಳೆ ದಾಟಿಸಿದವನೂ ಅವನೇ.

ಈಗ ನೋಡಲು ಬರುವವರು ಗೋಡೆಗಳ ನಡುವೆ ನಿಂತು ತಮ್ಮವರ ಹೆಸರು ಕೂಗಿ ಪರೀಕ್ಷಿಸುವುದುಂಟು. ಸುತ್ತ ಅಷ್ಟು ಎತ್ತರದ ಕಲ್ಲುಗಳಿದ್ದರೂ ದನಿ ಹಿಂತಿರುಗುವುದಿಲ್ಲ. ಆದರೆ ಕೆಳಗೆ ಹೊಳೆಯಲ್ಲಿ ಮಳಿ ಚಿಪ್ಪು ಹೆಕ್ಕುವ ಹೆಂಗಸರಲ್ಲಿ ಯಾರಾದರೊಬ್ಬರು, ಆ ಹೆಸರು ಯಾರದ್ದೇ ಆಗಿರಲಿ, ತಲೆಯೆತ್ತಿ "ಓ" ಎನ್ನುತ್ತಾರೆ.