ಎಂಜಿನ್ನಿನ ಮರ್ಯಾದೆ

ಸರಕು ಹಡಗೊಂದರ ಎಂಜಿನ್ನಿಗೆ ತನ್ನ ಮರ್ಯಾದೆಯ ಚಿಂತೆ ಜಾಸ್ತಿ. ಬಂದರು ಹತ್ತಿರವಾಗುತ್ತಿದ್ದಂತೆ ಅದು ಗೋಡೆಗೆ ತೂಗುಹಾಕಿದ್ದ ದುರಸ್ತಿ ಪುಸ್ತಕವನ್ನು ಕರೆಯಿತು.

"ತಮ್ಮಾ, ನನ್ನೊಳಗೆ ಎಣ್ಣೆ ಚಿಮ್ಮಿಸುವ ನಾಜಲ್‌ನಲ್ಲಿ ಮಸಿ ಕಟ್ಟಿದೆ ಅಂತ ಬರೆದುಕೊಳ್ಳಬೇಡ. ಹೊಗೆ ತಪಾಸಣೆಯ ಅಧಿಕಾರಿ ಮೊದಲು ಕೇಳುವುದೇ ನಿನ್ನನ್ನು. ಎಲ್ಲ ಸರಿಯಿದೆ ಅಂದುಬಿಡು."

ಪುಸ್ತಕದ್ದು ಮೆದು ಮನಸ್ಸು. "ನಿನ್ನ ಮಾತು ಮೀರುವುದು ಹೇಗೆ?" ಎನ್ನುತ್ತ 'ಎಲ್ಲ ಸರಿಯಿದೆ' ಎಂದು ಬರೆಯಲು ಹಾಳೆ ಬಿಚ್ಚಿತು.

ಮೇಲಿನಿಂದ ಹೊಗೆಕೊಳವೆ ಗದರಿತು: "ಬರೆಯಿರಿ, ಬರೆಯಿರಿ! ನೀವು ಕೆಳಗೆ ಮುಚ್ಚಿಟ್ಟಿದ್ದನ್ನು ನಾನು ಆಕಾಶದಲ್ಲಿ ಕಪ್ಪಗೆ ಬರೆಯುತ್ತೇನೆ. ಇಡೀ ಬಂದರು ಓದಲಿ!"

ಎಂಜಿನ್ ಗುರುಗುಟ್ಟಿತು, ಕೆಮ್ಮಿತು, ಕೊನೆಗೆ "ಇದ್ದದ್ದನ್ನೇ ಬರಿ ಮಾರಾಯ" ಎಂದಿತು. ಪುಸ್ತಕ ಬರೆಯಿತು. ಅದನ್ನು ಓದಿದ ಎಂಜಿನಿಯರ್ ಬಂದು ನಾಜಲ್ ಬದಲಿಸಿದರು, ಬದಲಿಸಿದ್ದನ್ನೂ ಅದರ ಕೆಳಗೇ ಬರೆದರು. ಹೊಗೆ ತಿಳಿಯಾಯಿತು. ಎಂಜಿನ್ನಿಗೂ ಉಸಿರಾಟ ಹಗುರವಾಯಿತು.

ಬಂದರಿನಲ್ಲಿ ಅಧಿಕಾರಿ ಬಂದು ಹೋದ ಮೇಲೆ ಎಂಜಿನ್ ಮೆಲ್ಲಗೆ ಕೇಳಿತು: "ನನ್ನ ಕಾಯಿಲೆ ಓದಿದರಾ?"

"ಓದಿದರು. ಮದ್ದನ್ನೂ ಓದಿದರು" ಎಂದಿತು ಪುಸ್ತಕ. "ಸಹಿ ಹಾಕಿದ್ದು ಮದ್ದಿನ ಕೆಳಗೆ."